ಫ್ರೀಜರ್‌ನಲ್ಲಿ ಐಸ್ ಗಟ್ಟಿ, ಕೆಳಗೆ ತಂಪೇ ಇಲ್ಲ: ‘ಗ್ಯಾಸ್ ಹೋಗಿದೆ’ ಅಂದರೆ ನಂಬಬೇಕಾ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ (ಹಿಮ ತಾನೇ ಕರಗುವ) ಫ್ರಿಜ್, ಏಳೆಂಟು ವರ್ಷ ಹಳೆಯದು, ಇನ್ವರ್ಟರ್ ಕಂಪ್ರೆಸರ್ ಅಲ್ಲ. ಈಚೆಗೆ ಮೇಲಿನ ಫ್ರೀಜರ್‌ನಲ್ಲಿ ಐಸ್ ಚೆನ್ನಾಗಿ ಕಟ್ಟುತ್ತದೆ, ಕೆಳಗಡೆ ಮಾತ್ರ ತಂಪಿಲ್ಲ. ರಾತ್ರಿ ಇಟ್ಟ ದೋಸೆ ಹಿಟ್ಟು ಬೆಳಗ್ಗೆ ಉಕ್ಕಿ ಡಬ್ಬಿಯಿಂದ ಹೊರಗೆ ಬಂದಿರುತ್ತದೆ, ಹಾಲು ಕಾಯಿಸಿದರೆ ಒಡೆಯುತ್ತದೆ. ನಡುವೆ ಒಳಗಿಂದ ಕರಕರ ಅಂತ ಸದ್ದು ಬರುತ್ತಿತ್ತು, ಈಗ ಅದೂ ನಿಂತಿದೆ.

ಒಬ್ಬ ಟೆಕ್ನಿಷಿಯನ್ ಬಂದು, ಹಿಂದೆ ಕೈ ಇಟ್ಟು ನೋಡಿ, “ಗ್ಯಾಸ್ ಹೋಗಿದೆ, ತುಂಬಿಸಬೇಕು” ಅಂದರು. ಒಳಗಿನ ಯಾವ ಭಾಗವನ್ನೂ ಬಿಚ್ಚಲಿಲ್ಲ. ಹೇಳಿದ ಮೊತ್ತ ಕಡಿಮೆಯೇನಲ್ಲ. ಬೇಗ ತೀರ್ಮಾನ ಮಾಡಬೇಕಾಗಿದೆ, ಯಾಕೆಂದರೆ ಅಮ್ಮನ ಇನ್ಸುಲಿನ್ ಕೂಡ ಇದೇ ಫ್ರಿಜ್‌ನಲ್ಲಿದೆ. ಗ್ಯಾಸ್ ಹೋಗಿದ್ದರೆ ಮೇಲೆ ಐಸ್ ಹೇಗೆ ಕಟ್ಟುತ್ತದೆ? ತಿಳಿದವರು ದಯವಿಟ್ಟು ಹೇಳಿ.

ಹೊಸಮನೆ_ರಘು

ಏಳೆಂಟು ವರ್ಷ ಆಗಿದೆ ಅಂದಮೇಲೆ ಎಕ್ಸ್‌ಚೇಂಜ್‌ನಲ್ಲಿ ಕೊಟ್ಟು ಹೊಸದು ತಗೊಳ್ಳಿ. ರಿಪೇರಿಗೆ ಒಮ್ಮೆ ಕೈ ಹಾಕಿದರೆ ಖರ್ಚು ನಿಲ್ಲುವುದಿಲ್ಲ.

ತಂಪುಕೆಲಸ (ಹುಬ್ಬಳ್ಳಿ)

ರಘು ಅವರ, ಅಷ್ಟು ಅವಸರ ಬ್ಯಾಡ್ರಿ. ಏಳೆಂಟು ವರ್ಷ ಅಂದ್ರ ಫ್ರಿಜ್ಜಿಗೆ ವಯಸ್ಸ ಅಲ್ಲ. ನಾ ಐಟಿಐದಾಗ ರೆಫ್ರಿಜರೇಷನ್ ಮತ್ತ ಎಸಿ ಟ್ರೇಡ್ ಕಲತು ಇದೇ ಕೆಲಸ ಮಾಡಕೋತ ಬಂದಾಂವ. ತುಂಗಾತೀರ ಅವರ, ನೀವು ಕೇಳಿದ ಪ್ರಶ್ನೆ ಬರೋಬ್ಬರಿ ಅದ. ದುಡ್ಡು ಕೊಡೂದು ಸ್ವಲ್ಪ ತಡೀರಿ.

ಫ್ರಿಜ್ಜಿನ ಗ್ಯಾಸ್ ಖರ್ಚಾಗೂ ವಸ್ತು ಅಲ್ಲ. ಗ್ಯಾಸ್ ಒತ್ತಿ ತಳ್ಳೂ ಕಂಪ್ರೆಸರ್, ಶಾಖ ಹೊರಗ ಬಿಡೂ ಕಂಡೆನ್ಸರ್, ಭಾಳ ಸಣ್ಣ ತೂತಿನ ಕ್ಯಾಪಿಲರಿ ಪೈಪು, ಫ್ರೀಜರ್ ಹಿಂದಿನ ಕಾಯಿಲ್, ಇಷ್ಟರೊಳಗ ಅದು ಸುತ್ತತಿರ್ತದ. ಎಲ್ಲಾ ಬೆಸುಗಿ ಹಾಕಿ ಮುಚ್ಚಿದ ದಾರಿ. ಫ್ಯಾಕ್ಟರಿಯೊಳಗ ಹಾಕಿದ ಗ್ಯಾಸ್ ಇಪ್ಪತ್ತು ವರ್ಷ ಆದ್ರೂ ಹಂಗ ಇರ್ತದ. ಹೋಗೇದ ಅಂದ್ರ ಎಲ್ಲೋ ಸೋರಿಕಿ ಅದ. ಸೋರೂ ಜಾಗ ಹುಡುಕದ ಬರೇ ತುಂಬಿಸಿದ್ರ ಅದು ಮತ್ತ ಹೋಗ್ತದ, ನಿಮ್ಮ ರೊಕ್ಕಾನೂ ಅದರ ಕೂಡ ಹೋಗ್ತದ.

ಇನ್ನ ನಿಮ್ಮ ಫ್ರಿಜ್ಜಿನ ಮಾತು. ಮ್ಯಾಲೆ ಫ್ರೀಜರ್ ಇರೂ ಸಾಮಾನ್ಯ ಫ್ರಾಸ್ಟ್ ಫ್ರೀದಾಗ ತಂಪು ಹುಟ್ಟೂ ಜಾಗ ಒಂದ. ಫ್ರೀಜರ್ ಒಳಗ ಹಿಂದ ಒಂದು ಪ್ಲಾಸ್ಟಿಕ್ ಕವರ್ ಕಾಣಸ್ತದಲ್ಲ, ಅದರ ಹಿಂದ ಕಾಯಿಲ್, ಅದರ ಮ್ಯಾಲೊಂದು ಸಣ್ಣ ಫ್ಯಾನ್. ಆ ಫ್ಯಾನ್ ಥಂಡಿ ಗಾಳಿನ ಫ್ರೀಜರಿಗೂ ಊದ್ತದ, ಡಕ್ಟ್‌ನಿಂದ ಕೆಳಗಿನ ಖಾನೆಗೂ ಕಳಸ್ತದ. ಕೆಳಗ ಬ್ಯಾರೆ ಕಾಯಿಲ್ ಇಲ್ಲ. ಹಂಗಾಗಿ ಮ್ಯಾಲೆ ಗಟ್ಟಿ ಐಸ್, ಕೆಳಗ ಬೆಚ್ಚಗ ಅಂದ್ರ ಮೊದಲ ಸಂಶಯ ಗಾಳಿ ದಾರಿ ಮ್ಯಾಲೆ ಬರಬೇಕು.

ಗಾಳಿ ದಾರಿ ಯಾಕ ಕಟ್ಟತದ? ನೀವು ಬಾಗಲಾ ತಗದಾಗೆಲ್ಲಾ ಹಸಿ ಗಾಳಿ ಒಳಗ ಹೋಗ್ತದ. ಅದರ ತೇವ ಕಾಯಿಲ್ ಮ್ಯಾಲೆ ಹಿಮ ಆಗಿ ಕೂಡ್ತದ. ಅದನ್ನ ಕರಗಸಲಿಕ್ಕೆ ಅಂತನ ಕಾಯಿಲ್ ಕೆಳಗ ಒಂದು ಹೀಟರ್ ಕೊಟ್ಟಿರ್ತಾರ. ಹಳೆ ಮಾಡೆಲ್ಲಿನ್ಯಾಗ ಕಂಪ್ರೆಸರ್ 8–12 ತಾಸು ಓಡಿದ ಮ್ಯಾಲೆ ಟೈಮರ್ ಅದನ್ನ ನಿಲ್ಲಿಸಿ ಇಪ್ಪತ್ತು ಮೂವತ್ತು ನಿಮಿಷ ಹೀಟರ್ ಚಾಲೂ ಮಾಡ್ತದ. ಹೊಸ ಮಾಡೆಲ್ಲಿನ್ಯಾಗ ಸೆನ್ಸರ್ ನೋಡಿ ಬೋರ್ಡ್ ಅದನ್ನ ಮಾಡ್ತದ. ಕರಗಿದ ನೀರು ಪೈಪಿನಿಂದ ಇಳದು ಹಿಂದ ಕಂಪ್ರೆಸರ್ ಮ್ಯಾಲಿನ ಟ್ರೇದಾಗ ಬಿದ್ದು, ಅದರ ಬಿಸಿಗೆ ಆರಿ ಹೋಗ್ತದ. ಈ ಹೀಟರ್ ಸರ್ಕೀಟಿನ್ಯಾಗ ಒಂದು ಸಣ್ಣ ಪಾರ್ಟ್ ಕೆಟ್ರೂ ಹಿಮ ದಿನಾ ಬೆಳೀತದ, ಕಡೀಕ ಇಡೀ ಕಾಯಿಲ್ ಐಸಿನೊಳಗ ಮುಚ್ಚಿ ಹೋಗ್ತದ. ಫ್ಯಾನಿನ ರೆಕ್ಕಿ ಐಸಿಗೆ ಬಡದಾಗ ಬರೂದು ನೀವು ಹೇಳಿದ ಕರಕರ ಸದ್ದು. ಆಮ್ಯಾಲೆ ರೆಕ್ಕಿನೂ ಸಿಕ್ಕಿ ನಿಂತಿರಬಹುದು.

ನೋಡಿ ಹೇಳ್ರಿ: ಫ್ರೀಜರ್ ಹಿಂದಿನ ಕವರ್ ಮ್ಯಾಲೆ ಹಿಮ ಮೂಡೇದೇನು? ಕಂಪ್ರೆಸರ್ ನಿಲ್ಲದ ಓಡ್ತದೇನು? ಫ್ರಿಜ್ಜಿನ ಎರಡೂ ಬದಿ ಮುಟ್ಟಿದ್ರ ಬಿಸಿ ಹತ್ತತದೇನು?

ತುಂಗಾತೀರ (ಶಿವಮೊಗ್ಗ)

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಈಗಷ್ಟೇ ನೋಡಿದೆ. ಕವರ್‌ನ ಕೆಳಭಾಗದಲ್ಲಿ ಬಿಳಿ ಹಿಮ ಅಂಟಿಕೊಂಡಿದೆ, ಕವರ್ ಸ್ವಲ್ಪ ಮುಂದಕ್ಕೆ ಉಬ್ಬಿದ ಹಾಗೂ ಇದೆ. ಕಂಪ್ರೆಸರ್ ನಿಲ್ಲುತ್ತಿಲ್ಲ. ಎರಡೂ ಬದಿ ಬಿಸಿ ಇದೆ. ಬದಿ ಬಿಸಿಯಾಗುವುದೇ ದೋಷ ಅಂದುಕೊಂಡಿದ್ದೆವು.

ತಂಪುಕೆಲಸ (ಹುಬ್ಬಳ್ಳಿ)

ಬದಿ ಬಿಸಿ ಆಗೂದು ದೋಷ ಅಲ್ರಿ. ಹಿಂದ ಕರೀ ಜಾಳಗಿ ಕಾಣೂ ಕಾಲ ಹೋತು. ಈಗ ಕಂಡೆನ್ಸರ್ ಪೈಪು ಬದಿ ತಗಡಿನ ಒಳಗ ಇರ್ತಾವ, ಒಳಗಿನ ಶಾಖ ಅಲ್ಲಿಂದನ ಹೊರಗ ಬರಬೇಕು. ಬದಿ ಬಿಸಿ ಅದ ಅಂದ್ರ ಗ್ಯಾಸ್ ಸುತ್ತಲಿಕ್ಕೆ ಹತ್ತೇದ ಅಂತ ಅರ್ಥ. ಗ್ವಾಡಿಗೆ, ಕಪಾಟಿಗೆ ಒತ್ತಿ ಇಟ್ಟಿದ್ರ ನಾಕೈದು ಇಂಚು ಸರಿಸ್ರಿ.

ಈಗ ಫ್ರಿಜ್ ಪ್ಲಗ್ ಕಿತ್ತು, ಸಾಮಾನೆಲ್ಲಾ ತಗದು, ಎರಡೂ ಬಾಗಲಾ ತಗದು 24 ತಾಸು ಬಿಡ್ರಿ. ಕೆಳಗ ಹಳೆ ಬಟ್ಟಿ ಹಾಸ್ರಿ, ನೀರು ಭಾಳ ಬರ್ತದ. ಮುಂದ ಒಂದು ಟೇಬಲ್ ಫ್ಯಾನ್ ಇಟ್ರ ಲಗೂ ಕರಗತದ. ಚಾಕು, ಸ್ಕ್ರೂಡ್ರೈವರ್ ಹಾಕಿ ಐಸ್ ಕೀಳಲಿಕ್ಕೆ ಹೋಗಬ್ಯಾಡ್ರಿ. ಕಾಯಿಲ್ ಅಲ್ಯೂಮಿನಿಯಂ, ಭಾಳ ಮೆತ್ತಗ. ನಾ ರಿಪೇರಿ ಮಾಡಿದ ಖರೇ ಗ್ಯಾಸ್ ಸೋರಿಕಿಯೊಳಗ ಎಷ್ಟೋ ಫ್ರಿಜ್ಜು ಸಿಂಗಲ್ ಡೋರಿನವು, ಹೆಪ್ಪುಗಟ್ಟಿದ ಐಸ್ ಟ್ರೇ ಚಾಕುಲೆ ಎಬ್ಬಿಸಲಿಕ್ಕೆ ಹೋಗಿ ತೂತು ಬಿದ್ದದ್ದು.

ಪೂರಾ ಕರಗಿದ ಮ್ಯಾಲೆ ಒಣಗಿಸಿ ಚಾಲೂ ಮಾಡ್ರಿ. ಕೆಳಗ ಚಂದಂಗಿ ತಂಪಾಗಿ, ಕೆಲವು ದಿನ ಬಿಟ್ಟು ಮತ್ತ ಇದ ತೊಂದ್ರಿ ಬಂತಂದ್ರ ಹೆಚ್ಚಾಗಿ ಹೀಟರ್ ಸರ್ಕೀಟ್ ಕೆಟ್ಟಿರ್ತದ.

ಔಷಧಿಅಂಗಡಿ (ಮಂಡ್ಯ)

ತುಂಗಾತೀರ ಅವರೇ, ನಾನು ಫಾರ್ಮಸಿಸ್ಟ್. ಫ್ರಿಜ್ ಬಂದ್ ಮಾಡುವ ಮೊದಲು ಇನ್ಸುಲಿನ್ ವಿಷಯ ನೋಡಿಕೊಳ್ಳಿ. ತೆರೆಯದ ಬಾಟಲಿ, ಪೆನ್ನುಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬಳಸುತ್ತಿರುವುದನ್ನು ಹೆಚ್ಚಿನ ಬಗೆಗಳಲ್ಲಿ ನಾಲ್ಕು ವಾರದವರೆಗೆ ಹೊರಗೇ ಇಡಬಹುದು. ಎಷ್ಟು ಡಿಗ್ರಿಯೊಳಗೆ, ಎಷ್ಟು ದಿನ ಅನ್ನುವುದು ಪೆಟ್ಟಿಗೆಯ ಮೇಲೆಯೇ ಇರುತ್ತದೆ, ಅದನ್ನೇ ಪಾಲಿಸಿ. “ಕೆಳಗೆ ತಂಪಿಲ್ಲ, ಮೇಲೆ ಇಡೋಣ” ಅಂತ ಫ್ರೀಜರ್‌ಗೆ ಮಾತ್ರ ಹಾಕಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಬಳಸುವ ಹಾಗಿಲ್ಲ.

ತೆರೆಯದ ಸ್ಟಾಕನ್ನು ಪಕ್ಕದ ಮನೆಯ ಫ್ರಿಜ್‌ನಲ್ಲಿ, ಬಾಗಿಲಿನ ಖಾನೆ ಬಿಟ್ಟು ನಡುವಿನ ಶೆಲ್ಫ್‌ನಲ್ಲಿ ಇಡಿಸಿ. ಬಳಕೆಯಲ್ಲಿರುವುದನ್ನು ಮುಚ್ಚಿದ ಡಬ್ಬಿಯಲ್ಲಿ ಹಾಕಿ, ಒದ್ದೆ ಮರಳಿನ ಮೇಲೆ ಕೂರಿಸಿದ ಮಣ್ಣಿನ ಮಡಕೆಯೊಳಗೆ ಇಟ್ಟರೆ ಕೋಣೆಗಿಂತ ಕೆಲವು ಡಿಗ್ರಿ ತಂಪಿರುತ್ತದೆ. ಈ ದಿನಗಳಲ್ಲಿ ಬೆಚ್ಚಗಿನ ಫ್ರಿಜ್‌ನಲ್ಲೇ ಇದ್ದ ತೆರೆಯದ ಬಾಟಲಿಗಳನ್ನು ನಿಮ್ಮ ಔಷಧಿ ಅಂಗಡಿಯಲ್ಲಿ ಅಥವಾ ಡಾಕ್ಟರಲ್ಲಿ ಕೇಳಿಯೇ ಬಳಸಿ.

ತುಂಗಾತೀರ (ಶಿವಮೊಗ್ಗ)

ತುಂಬಾ ಉಪಕಾರವಾಯಿತು. ಪೆನ್ನುಗಳು ಈಗ ಎದುರು ಮನೆಯವರ ಫ್ರಿಜ್‌ನಲ್ಲಿವೆ. ಫ್ರಿಜ್ ಬಂದ್ ಮಾಡಿ ಬಾಗಿಲು ತೆರೆದಿಟ್ಟಿದ್ದೇವೆ.

ಚಾಮುಂಡಿಪಾದ (ಮೈಸೂರು)

ಒಂದು ಮಾತು ಹೇಳಲೇಬೇಕು. ನಮ್ಮ ಮನೆಯಲ್ಲಿ ಇದೇ ಲಕ್ಷಣ ಇತ್ತು, ಕೆಳಗೆ ತಂಪಿಲ್ಲ, ಮೇಲೆ ಸ್ವಲ್ಪ ಐಸ್. ಕೊನೆಗೆ ನಿಜವಾಗಿಯೂ ಗ್ಯಾಸ್ ಸೋರಿಕೆಯೇ ಆಗಿತ್ತು. ಹಾಗಾಗಿ ಗ್ಯಾಸ್ ಅಂದವರೆಲ್ಲ ಮೋಸ ಮಾಡುತ್ತಾರೆ ಅನ್ನುವ ಅರ್ಥ ಬರಬಾರದು.

ತಂಪುಕೆಲಸ (ಹುಬ್ಬಳ್ಳಿ)

ನೀವು ಹೇಳೂದು ಖರೇ ಅದ. ಅರ್ಧ ಸೋರಿದಾಗ ಹಂಗೂ ಆಗ್ತದ, ಅದಕ್ಕ ಬಿಚ್ಚಿ ನೋಡದ ಎರಡೂ ಕಡೆ ಮಾತಾಡಬಾರದು. ನೋಡಿದ್ರ ಗೊತ್ತಾಗೂ ವ್ಯತ್ಯಾಸ ಭಾಳ ಸ್ಪಷ್ಟ ಅದ. ಹೀಟರ್ ದೋಷ ಇದ್ರ ಕಾಯಿಲ್ಲಿನ ಮ್ಯಾಲಿಂದ ಕೆಳಗಿನ ತನಕ ದಪ್ಪ ಹಿಮ ತುಂಬಿರ್ತದ. ಗ್ಯಾಸ್ ಕಮ್ಮಿ ಇದ್ರ ಗ್ಯಾಸ್ ಒಳಗ ಬರೂ ಕಡೆ ಮೊದಲ ಒಂದೆರಡು ಸುತ್ತಿಗೆ ಅಷ್ಟ ಹಿಮ, ಉಳಿದ ಕಾಯಿಲ್ ಒಣಾ. ಆವಾಗ ಫ್ರೀಜರಿನ್ಯಾಗೂ ಐಸ್ ಕ್ರೀಮ್ ಮೆತ್ತಗಾಗ್ತದ, ಐಸ್ ಕಟ್ಟಲಿಕ್ಕೆ ಭಾಳ ಹೊತ್ತು ಹಿಡೀತದ, ಬದಿನೂ ಅಷ್ಟು ಬಿಸಿ ಆಗಂಗಿಲ್ಲ. ಹಿಂದಿನ ಕವರ್ ಬಿಚ್ಚದ, ಕರೆಂಟ್ ಎಷ್ಟು ಎಳೀತದ ಅಂತ ಕ್ಲಾಂಪ್ ಮೀಟರ್ ಹಚ್ಚದ, ಬರೇ ಕೈ ಇಟ್ಟು “ಗ್ಯಾಸ್ ಹೋಗೇದ” ಅಂದ್ರ ಅದನ್ನ ನಾ ಒಪ್ಪಂಗಿಲ್ಲ. ಗಿರಾಕಿ ಆಗಿ ನೀವೂ “ಕಾಯಿಲ್ ತೋರಸ್ರಿ” ಅಂತ ಕೇಳ್ರಿ. ಕೇಳೂದು ನಿಮ್ಮ ಹಕ್ಕು.

ಖರೇನ ಸೋರಿಕಿ ಇತ್ತಂದ್ರ ಕೆಲಸ ಹೆಂಗ ಆಗಬೇಕು ಅನ್ನೂದನ್ನೂ ತಿಳ್ಕೊಳ್ರಿ. ಮೊದಲ ನೈಟ್ರೋಜನ್ ಒತ್ತಡ ಕೊಟ್ಟು ತೂತು ಹುಡುಕಬೇಕು, ಮುಚ್ಚಬೇಕು. ಒಳಗಿನ ತೇವ, ಕಸ ಹಿಡಿಯೂ ಫಿಲ್ಟರ್ ಡ್ರೈಯರ್ ಹೊಸಾದು ಹಾಕಬೇಕು. ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎಲ್ಲಾ ಎಳೀಬೇಕು. ಆಮ್ಯಾಲೆ ತಕ್ಕಡಿ ಇಟ್ಟು, ಲೇಬಲ್ ಮ್ಯಾಲೆ ಎಷ್ಟು ಗ್ರಾಂ ಅಂತ ಬರದದ ಅಷ್ಟ ಹಾಕಬೇಕು. ಕೈ ಅಂದಾಜಿಲೆ ತುಂಬಿದ್ರ ಆ ರಿಪೇರಿ ಬಾಳಂಗಿಲ್ಲ.

ಈಗಿನ ಹೆಚ್ಚಿನ ಫ್ರಿಜ್ಜಿನ್ಯಾಗ ಇರೂದು ಆರ್-600ಎ, ಅಂದ್ರ ಐಸೋಬ್ಯೂಟೇನ್. ಭೂಮಿಗೆ ಒಳ್ಳೇದು: ಹಿಂದಿನ ಆರ್-134ಎ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ನಾನೂರು ಪಟ್ಟಿನ ಆಸುಪಾಸು ಬಿಸಿ ಹಿಡಿಯೂದು, ಇದು ಮೂರು ನಾಕು ಪಟ್ಟು ಅಷ್ಟ. ಅದಕ್ಕೂ ಹಿಂದಿನ ಆರ್-12 ಓಜೋನ್ ಪದರಕ್ಕ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ಮ್ಯಾಲೆ ಒಂದೊಂದ ದೇಶದಾಗ ನಿಂತು, ನಮ್ಮ ದೇಶದಾಗ 2010ರ ಹೊತ್ತಿಗೆ ಬಂದಾತು. ಆದ್ರ ಐಸೋಬ್ಯೂಟೇನ್ ನಮ್ಮ ಅಡಿಗಿ ಸಿಲಿಂಡರ್ ಗ್ಯಾಸಿನ ಬಳಗದ್ದು, ಬೆಂಕಿ ಹತ್ತತದ, ಗಾಳಿಗಿಂತ ಭಾರ, ನೆಲದ ಮಟ್ಟದಾಗ ಕೂಡ್ತದ. ಮನಿ ಫ್ರಿಜ್ಜಿನ್ಯಾಗ ಇರೂದು ಕೆಲವು ಹತ್ತು ಗ್ರಾಂ ಅಷ್ಟ, ಅಂಜೂ ಕಾರಣ ಇಲ್ಲ. ಆದ್ರ ಅದು ಪೈಪಿನ್ಯಾಗ ಇರಬೇಕಾದ್ರ ಯಾರರ ಅಡಿಗಿಮನ್ಯಾಗ ಟಾರ್ಚ್ ಹಚ್ಚಿ ಬೆಸುಗಿ ಶುರು ಮಾಡಿದ್ರ ತಡೀರಿ. ಆ ಗ್ಯಾಸ್ ತರಬೇತಿ ಇದ್ದವರು ಮಾಡೂ ಕೆಲಸ, ಕಿಟಕಿ ಬಾಗಲಾ ತಗದು, ಒಲಿ ಆರಿಸಿ.

ಕಡಲತಡಿ (ಸುರತ್ಕಲ್)

ಒಳ್ಳೆ ಚರ್ಚೆ ನಡೀತಾ ಉಂಟು, ನಂದೂ ಒಂದು ಕೇಳ್ತೇನೆ. ನಮ್ಮದು ಸಮುದ್ರದ ಹತ್ತಿರ ಮನೆ. ಮಳೆಗಾಲದಲ್ಲಿ ಫ್ರಿಜ್‌ನ ಹೊರಗೆಲ್ಲ ನೀರು ಬೆವರಿದ ಹಾಗೆ ಆಗ್ತದೆ, ಕಾಲಿನ ಹತ್ತಿರ ತುಕ್ಕು ಹಿಡಿದಿದೆ. ಈಗ ಒದ್ದೆ ಕೈಯಲ್ಲಿ ಹ್ಯಾಂಡಲ್ ಮುಟ್ಟಿದರೆ ಜುಮ್ ಅಂತದೆ. ತುಕ್ಕಿನಿಂದ ಹೀಗೆ ಆಗುವುದಾ?

ವೈರಿಂಗ್_ಮಾಸ್ಟರ್ (ತುಮಕೂರು)

ಕಡಲತಡಿ ಅವರೇ, ಇದನ್ನು ನಾಳೆಗೆ ಬಿಡಬೇಡಿ. ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ, ಆಮೇಲೆ ಮುಂದಿನದು ಓದಿ.

ಕರೆಂಟ್ ಮೈಗೆ ಬರುವುದಕ್ಕೆ ತುಕ್ಕು ಕಾರಣವಲ್ಲ. ಒಳಗೆ ಎಲ್ಲೋ ವೈರಿನ ಹೊದಿಕೆ ಹೋಗಿದೆ, ಅಥವಾ ಹೀಟರ್ ಇಲ್ಲವೇ ಕಂಪ್ರೆಸರ್ ವೈಂಡಿಂಗ್ (ಮೋಟರಿನ ತಂತಿ ಸುರುಳಿ) ಫ್ರಿಜ್‌ನ ಲೋಹದ ಮೈಗೆ ತಾಗಿದೆ. ಅದಕ್ಕಿಂತ ದೊಡ್ಡ ದೋಷ, ಹಾಗೆ ಸೋರಿದ ಕರೆಂಟ್ ಹೋಗಲು ಅರ್ಥಿಂಗ್ ಇಲ್ಲ. ಅರ್ಥಿಂಗ್ ಸರಿಯಿದ್ದರೆ ನಿಮಗೆ ಜುಮ್ ಅನ್ನುವ ಮೊದಲೇ ಫ್ಯೂಸ್ ಹೋಗಬೇಕು ಅಥವಾ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್) ಬೀಳಬೇಕು. ಎಷ್ಟೋ ಮನೆಗಳಲ್ಲಿ ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿರುತ್ತಾರೆ, ಅಲ್ಲಿಗೆ ಅರ್ಥ್ ತಪ್ಪಿ ಹೋಗುತ್ತದೆ. ಇನ್ನು ಕೆಲವು ಕಡೆ ಸಾಕೆಟ್‌ನಲ್ಲಿ ಮೂರನೇ ತೂತು ಇರುತ್ತದೆ, ಹಿಂದೆ ವೈರೇ ಇರುವುದಿಲ್ಲ.

ಎಲೆಕ್ಟ್ರಿಷಿಯನ್ ಕರೆಸಿ ಎರಡು ಕೆಲಸ ಮಾಡಿಸಿ: ಅರ್ಥಿಂಗ್ ಅಳತೆ, ಮತ್ತು ಮೇನ್ ಬೋರ್ಡ್‌ನಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಆಮೇಲೆ ಫ್ರಿಜ್ ರಿಪೇರಿ. ಅಡುಗೆಮನೆಯಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟುವ ವಸ್ತು ಇದು, ಮನೆಯಲ್ಲಿ ಮಕ್ಕಳಿದ್ದರಂತೂ ಒಂದು ಗಂಟೆಯೂ ಹಾಗೇ ಬಿಡಬೇಡಿ.

ಕಡಲತಡಿ (ಸುರತ್ಕಲ್)

ಪ್ಲಗ್ ತೆಗೆದೆ. ನೀವು ಹೇಳಿದ ಹಾಗೇ ಎರಡು ಪಿನ್ನಿನ ಅಡಾಪ್ಟರ್ ಉಂಟು ಮಾರಾಯ್ರೆ. ಬೆಳಗ್ಗೆ ಎಲೆಕ್ಟ್ರಿಷಿಯನ್ ಬರ್ತಾರೆ.

ತುಂಗಾತೀರ (ಶಿವಮೊಗ್ಗ)

ತಂಪುಕೆಲಸ ಸರ್, ಐಸ್ ಪೂರ್ತಿ ಕರಗಿಸಿ ಒಣಗಿಸಿ ಚಾಲೂ ಮಾಡಿದೆವು. ಕೆಳಗೆ ಚೆನ್ನಾಗಿ ತಂಪಾಯಿತು, ಫ್ಯಾನ್ ಸದ್ದಿಲ್ಲದೆ ಓಡಿತು. ಒಂದು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ. ಈ ಸಲ ಪ್ಲಗ್ ಕಿತ್ತು ಹಿಂದಿನ ಕವರ್ ಬಿಚ್ಚಿ ನೋಡಿದರೆ ಕಾಯಿಲ್ ಕಾಣದಷ್ಟು ಹಿಮ, ಮೇಲಿಂದ ಕೆಳಗಿನವರೆಗೂ ಒಂದೇ ಸಮ. ನನ್ನ ತಮ್ಮ ಡಿಪ್ಲೊಮಾ ಓದುತ್ತಿದ್ದಾನೆ, ಅವನ ಹತ್ತಿರ ಮಲ್ಟಿಮೀಟರ್ ಇದೆ. ಏನು ನೋಡಬೇಕು?

ತಂಪುಕೆಲಸ (ಹುಬ್ಬಳ್ಳಿ)

ಅಲ್ಲಿಗೆ ಗ್ಯಾಸ್ ಪ್ರಶ್ನೆ ಮುಗೀತು. ಪ್ಲಗ್ ಕಿತ್ತಿದ್ದು ಇನ್ನೊಮ್ಮೆ ಖಾತ್ರಿ ಮಾಡ್ಕೊಳ್ರಿ, ಆಮ್ಯಾಲೆ ತಮ್ಮಗ ಮೀಟರ್ ಹಿಡೀಲಿಕ್ಕೆ ಹೇಳ್ರಿ.

ಹೀಟರಿನ ಎರಡು ತುದಿ ನಡುವ ರೆಸಿಸ್ಟೆನ್ಸ್ ನೋಡ್ರಿ. ಅದರ ಮ್ಯಾಲೆ ವ್ಯಾಟ್ ಬರದಿರ್ತದ. 230 ವೋಲ್ಟಿಗೆ 150 ವ್ಯಾಟಿನ ಹೀಟರ್ ಇದ್ರ 350 ಓಮ್ ಆಸುಪಾಸು ಬರಬೇಕು. ಏನೂ ಬರಲಿಲ್ಲ ಅಂದ್ರ ಹೀಟರ್ ಹೋಗೇದ. ಆಮ್ಯಾಲೆ ಥರ್ಮಲ್ ಫ್ಯೂಸ್, ಬಿಳಿ ಅಥವಾ ಬೂದಿ ಬಣ್ಣದ ಸಣ್ಣ ತುಂಡು, ವೈರಿನ ಕೂಡ ಕಾಯಿಲ್ಲಿಗೆ ಕಟ್ಟಿರ್ತದ. ಅದು ಯಾವಾಗಲೂ ಸೊನ್ನಿ ತೋರಸಬೇಕು.

ಮೂರನೇದು ಬೈಮೆಟಲ್, ದುಂಡಗಿನ ಬಿಲ್ಲಿ, ಥಂಡಿ ಬಿಸಿ ನೋಡಿ ಹೀಟರಿನ ಕರೆಂಟ್ ಕೂಡಸೂ ಬಿಡಸೂ ಸ್ವಿಚ್. ಭಾಳ ಮಂದಿ ಒಳ್ಳೇ ಬೈಮೆಟಲ್ ಒಗದು ಹೊಸಾದು ತರೂದು ಇಲ್ಲೇ. ಬೆಚ್ಚಗಿನ ಕೋಣ್ಯಾಗ ಅದನ್ನ ಅಳದ್ರ ಓಪನ್ (ಕರೆಂಟ್ ದಾರಿ ಕಡದದ ಅಂತ) ತೋರಸ್ತದ, ತೋರಸಲೇಬೇಕು. ಯಾಕಂದ್ರ ಸೊನ್ನಿಗಿಂತ ಕೆಲವು ಡಿಗ್ರಿ ಕೆಳಗ ಹೋದಾಗ ಅಷ್ಟ ಅದು ಕೂಡ್ತದ, ಹಿಮ ಕರಗಿ ಕಾಯಿಲ್ ಬೆಚ್ಚಗಾದ ಕೂಡಲೆ ಬಿಡ್ತದ. ಹಂಗಾಗಿ ಕುಟ್ಟಿದ ಐಸಿಗೆ ಉಪ್ಪು ಬೆರಸ್ರಿ, ಉಷ್ಣತೆ ಸೊನ್ನಿಗಿಂತ ಭಾಳ ಕೆಳಗ ಹೋಗ್ತದ. ಬೈಮೆಟಲ್ ಪ್ಲಾಸ್ಟಿಕ್ ಚೀಲದಾಗ ಹಾಕಿ ಅದರೊಳಗ ಹತ್ತು ನಿಮಿಷ ಇಟ್ಟು ಅಳೀರಿ. ಆವಾಗೂ ಓಪನ್ ಇದ್ರ ಕೆಟ್ಟದ. ತದ್ವಿರುದ್ಧ, ಬೆಚ್ಚಗಿದ್ದಾಗೂ ಸೊನ್ನಿ ತೋರಸಿದ್ರ ಅಂಟ್ಕೊಂಡದ, ಅದು ಇನ್ನೂ ಕೆಟ್ಟದ್ದು.

ಫ್ಯೂಸ್ ಹೋಗಿತ್ತು ಅಂದ್ರ ವೈರ್ ಸೇರಿಸಿ ಡೈರೆಕ್ಟ್ ಮಾಡೂ ಕೆಲಸ ಯಾರ ಹೇಳಿದ್ರೂ ಬ್ಯಾಡ. ಹೀಟರ್ ಹದ್ದು ಮೀರಿ ಕಾದ್ರ ಪ್ಲಾಸ್ಟಿಕ್ ಕರಗೂ ಮೊದಲ ತಾನ ಸುಟ್ಟು ಮನಿ ಉಳಸೂದು ಆ ಸಣ್ಣ ತುಂಡು.

ತುಂಗಾತೀರ (ಶಿವಮೊಗ್ಗ)

ಸಿಕ್ಕಿತು ಸರ್! ಹೀಟರ್ 340ರ ಹತ್ತಿರ ತೋರಿಸುತ್ತಿದೆ. ಥರ್ಮಲ್ ಫ್ಯೂಸ್ ಓಪನ್. ಬೈಮೆಟಲ್ ಕೋಣೆಯಲ್ಲಿ ಇಟ್ಟಾಗಲೂ ಸೊನ್ನೆ, ಉಪ್ಪಿನ ಐಸ್‌ನಲ್ಲೂ ಸೊನ್ನೆ. ಫ್ಯೂಸ್ ಒಂದನ್ನು ಬದಲಿಸಿದರೆ ಸಾಕಾ?

ತಂಪುಕೆಲಸ (ಹುಬ್ಬಳ್ಳಿ)

ಸಾಕಾಗಂಗಿಲ್ಲ. ಫ್ಯೂಸ್ ಸುಮ್ಮನ ಹೋಗಂಗಿಲ್ಲ. ಬೈಮೆಟಲ್ ಅಂಟ್ಕೊಂಡು, ಹಿಮ ಕರಗಿದ ಮ್ಯಾಲೂ ಹೀಟರ್ ಬಂದ್ ಆಗಲಿಲ್ಲ, ಕಡೀಗೆ ಫ್ಯೂಸ್ ಸುಟ್ಟು ಅದನ್ನ ನಿಲ್ಲಿಸ್ತು. ಅಲ್ಲಿಂದ ಮುಂದ ಹಿಮ ಬೆಳಕೋತ ಹೋತು. ಎರಡೂ ಹೊಸಾವು ಹಾಕ್ರಿ. ಹೆಚ್ಚಿನ ಮಾಡೆಲ್ಲಿಗೆ ಎರಡೂ ಒಂದ ವೈರಿನ ಸೆಟ್ಟಿನ್ಯಾಗ ಸಿಗ್ತಾವ. ಮಾಡೆಲ್ ನಂಬರ್ ಬರಕೊಂಡು ಅದಕ್ಕ ಹೊಂದೂದನ್ನ ತರ್ರಿ, ಜೋಡಣಿ ಮಾತ್ರ ಈ ಕೆಲಸ ಬಲ್ಲವರ ಕೈಲೆ ಮಾಡಸ್ರಿ. ಅಲ್ಲಿ ನೀರು ಹರೀತದ, ಟೇಪ್ ಸುತ್ತಿದ ಜಾಯಿಂಟ್ ನಡಿಯಂಗಿಲ್ಲ.

ಅದ ಹೊತ್ತಿನ್ಯಾಗ ಕಾಯಿಲ್ ಕೆಳಗಿನ ನೀರಿನ ತೂತಿಗೆ ಉಗುರು ಬೆಚ್ಚಗಿನ ನೀರು ಹಾಕಿ, ಹಿಂದಿನ ಟ್ರೇಗೆ ಸಲೀಸಾಗಿ ಇಳೀತದೇನು ನೋಡ್ರಿ. ತರಕಾರಿ ಡಬ್ಬಿ ಕೆಳಗ ನೀರು ನಿಲ್ಲತದ ಅಂತ ಮಂದಿ ಹೇಳೂದಕ್ಕ ಹೆಚ್ಚಾಗಿ ಈ ತೂತು ಕಟ್ಟಿದ್ದ ಕಾರಣ.

ಬನವಾಸಿಮನೆ (ಶಿರಸಿ)

ಅಡುಗೆಮನೆ ಕಡೆಯಿಂದ ನನ್ನದೂ ನಾಲ್ಕು ಮಾತು. ರಿಪೇರಿ ಆದ ಮೇಲೆ ಫ್ರಿಜ್ ತುಂಬುವ ರೀತಿಯೂ ನೋಡಿ. ಹಿಂಬದಿಯಲ್ಲಿ ಗಾಳಿ ಬರುವ ಕಿಂಡಿಗಳಿರುತ್ತವೆ, ದೊಡ್ಡ ಪಾತ್ರೆ ಇಟ್ಟು ಅದನ್ನು ಮುಚ್ಚಿದರೆ ಮುಂದಿದ್ದದ್ದಕ್ಕೆ ತಂಪು ಸಿಗುವುದಿಲ್ಲ, ಹಿಂದಿದ್ದ ಸೌತೆಕಾಯಿ ಹೆಪ್ಪುಗಟ್ಟುತ್ತದೆ. ಬಿಸಿ ಸಾಂಬಾರು, ಬಿಸಿ ಹಾಲು ಹೊಗೆಯಾಡುವಾಗಲೇ ಒಳಗಿಟ್ಟರೆ ಆ ಹಬೆಯೆಲ್ಲ ಹಿಮವಾಗುತ್ತದೆ. ಹಾಗಂತ ರಾತ್ರಿಯಿಡೀ ಹೊರಗೆ ಬಿಡುವುದೂ ತಪ್ಪು. ಅಗಲ ಪಾತ್ರೆಗೆ ಸುರಿದು, ತಣ್ಣೀರಿನ ತಟ್ಟೆಯಲ್ಲಿ ಇಟ್ಟು ಆರಿಸಿ, ಎರಡು ಗಂಟೆಯೊಳಗೆ ಮುಚ್ಚಿ ಒಳಗಿಡಿ. ಕೊತ್ತಂಬರಿ, ಕರಿಬೇವು ತೊಳೆದು ನೀರು ಸೋರುವಾಗಲೇ ಇಡುವವರಿದ್ದಾರೆ. ಒಣಬಟ್ಟೆಯಲ್ಲಿ ಸುತ್ತಿದರೆ ಸೊಪ್ಪೂ ಬಾಳುತ್ತದೆ, ಫ್ರಿಜ್‌ಗೂ ಒಳ್ಳೆಯದು.

ಇನ್ನೊಂದು, ಬಾಗಿಲಿನ ರಬ್ಬರ್. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಅದರ ಮಡಿಕೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಮಡಿಕೆಯೊಳಗೆ ಒರೆಸಿ, ಒಣಗಿಸಿ. ಒಂದು ಹತ್ತು ರೂಪಾಯಿ ನೋಟು ಇಟ್ಟು ಬಾಗಿಲು ಹಾಕಿ ಎಳೆದು ನೋಡಿ: ಬಿಗಿಯಾಗಿ ಹಿಡಿದಿದ್ದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ಹಗಲೂ ರಾತ್ರಿ ಹಸಿ ಗಾಳಿ ಒಳಗೆ ಹೋಗುತ್ತಿದೆ. ರಬ್ಬರ್ ಹರಿಯದೆ ಬರೀ ಸೊಟ್ಟಗಾಗಿದ್ದರೆ ಬಿಸಿನೀರಿನ ಬಟ್ಟೆ ಒತ್ತಿ ಮೆತ್ತಗೆ ಮಾಡಿ ನೆಟ್ಟಗೆ ಮಾಡಬಹುದು.

ಲಿಂಗನಮಕ್ಕಿ_ಹತ್ತಿರ (ಸಾಗರ)

ನಮ್ಮೂರಲ್ಲಿ ಮಳೆ ಶುರುವಾದರೆ ಮರ ಬಿದ್ದು ಕರೆಂಟ್ ಹೋಗುವುದು, ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ ಚಾಲೂ ಆದಾಗ ವೋಲ್ಟೇಜ್ ಬೀಳುವುದು. ಆವಾಗ ಕಂಪ್ರೆಸರ್ ಚಾಲೂ ಆಗದೆ ಟಿಕ್ ಟಿಕ್ ಅನ್ನುತ್ತದೆ. ಸ್ಟೆಬಿಲೈಜರ್ ಬೇಕೇ ಬೇಕಾ? ಕರೆಂಟ್ ಇಲ್ಲದಾಗ ಒಳಗಿನದು ಎಷ್ಟು ಹೊತ್ತು ಚೆನ್ನಾಗಿರುತ್ತದೆ?

ವೈರಿಂಗ್_ಮಾಸ್ಟರ್ (ತುಮಕೂರು)

ನಿಮ್ಮೂರಿಗೆ ಬೇಕು. ಸಾಮಾನ್ಯ ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ ಓಡುವಾಗಿನ ಕೆಲವು ಪಟ್ಟು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಸಾಲದಿದ್ದರೆ ತಿರುಗಲಾರದೆ ಬಿಸಿಯಾಗಿ ಓವರ್‌ಲೋಡ್ ಸ್ವಿಚ್ ಬಿಡಿಸುತ್ತದೆ, ಆರಿದ ಮೇಲೆ ಮತ್ತೆ ಹಿಡಿಯುತ್ತದೆ, ಅದೇ ಆ ಟಿಕ್ ಸದ್ದು. ವೋಲ್ಟೇಜ್ ಸರಿಯಿದ್ದಾಗಲೂ ಹಾಗೆ ಬಂದರೆ ಮೊದಲು ರಿಲೇ (ಕಂಪ್ರೆಸರ್ ಚಾಲೂ ಮಾಡಿಸುವ ಸಣ್ಣ ಭಾಗ) ತೆಗೆಸಿ ಅಲ್ಲಾಡಿಸಿ ನೋಡಿಸಿ; ಒಳಗೆ ಗಲಗಲ ಅಂದರೆ ಅದು ಒಡೆದಿದೆ. ಅಗ್ಗದ ಭಾಗ. ಅದನ್ನು ನೋಡದೆ ಕಂಪ್ರೆಸರ್ ಬದಲಿಸಲು ಒಪ್ಪಬೇಡಿ.

ಸ್ಟೆಬಿಲೈಜರ್ ಕೊಳ್ಳುವಾಗ ಮೂರರಿಂದ ಐದು ನಿಮಿಷದ ಟೈಮ್ ಡಿಲೇ ಇರುವುದನ್ನು ಕೇಳಿ. ಕರೆಂಟ್ ಹೋಗಿ ತಕ್ಷಣ ಬಂದರೆ ಪೈಪಿನೊಳಗೆ ಒಂದು ಕಡೆ ಒತ್ತಡ ಹೆಚ್ಚೇ ಇರುತ್ತದೆ, ಅದು ಸಮನಾಗಲು ಆ ಹೊತ್ತು ಬೇಕು. ಇನ್ವರ್ಟರ್ ಕಂಪ್ರೆಸರ್ ಇರುವ ಹೊಸ ಫ್ರಿಜ್‌ಗಳು ನಿಧಾನವಾಗಿ ಶುರುವಾಗುತ್ತವೆ, ಎಷ್ಟು ವೋಲ್ಟ್‌ನಿಂದ ಎಷ್ಟರವರೆಗೆ ತಡೆಯುತ್ತವೆ ಅಂತ ಮೇಲೆಯೇ ಬರೆದಿರುತ್ತದೆ. ನಿಮ್ಮ ಮನೆಯ ವೋಲ್ಟೇಜ್ ಅದರೊಳಗಿದ್ದರೆ ಬೇರೆ ಸ್ಟೆಬಿಲೈಜರ್ ಬೇಡ. ಮನೆಯ ಯುಪಿಎಸ್ ಸ್ಕ್ವೇರ್ ವೇವ್ ಆಗಿದ್ದರೆ ಅದಕ್ಕೆ ಫ್ರಿಜ್ ಕೊಡಬೇಡಿ, ಮೋಟರ್ ಬಿಸಿಯಾಗುತ್ತದೆ.

ಬಾಗಿಲು ತೆಗೆಯದಿದ್ದರೆ ಕೆಳಗಿನ ಖಾನೆ ಸುಮಾರು 4 ಗಂಟೆ ತಡೆಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ಖಾಲಿ ಇದ್ದರೆ 24 ಗಂಟೆ. ಹಾಗಾಗಿ ಮಳೆಗಾಲದಲ್ಲಿ ಫ್ರೀಜರ್‌ನ ಖಾಲಿ ಜಾಗದಲ್ಲಿ ಮುಕ್ಕಾಲು ತುಂಬಿದ ನೀರಿನ ಬಾಟಲಿ ಇಟ್ಟುಬಿಡಿ. ಊರಿಗೆ ಹೋಗುವಾಗ ಒಂದು ಲೋಟ ನೀರು ಹೆಪ್ಪುಗಟ್ಟಿಸಿ ಅದರ ಮೇಲೆ ನಾಣ್ಯ ಇಡಿ. ಬಂದಾಗ ನಾಣ್ಯ ತಳ ಸೇರಿದ್ದರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಕಟ್ಟಿದೆ ಎಂದು ತಿಳಿಯುತ್ತದೆ. ಒಳಗಿದ್ದ ಮೀನು, ಮಾಂಸ ಎಸೆಯಿರಿ.

ಹಿಮದೂರು (ಟೊರಾಂಟೊ)

ಇಲ್ಲಿ ನಮ್ಮದು ಉಲ್ಟಾ ಸಮಸ್ಯೆ. ಗ್ಯಾರೇಜ್‌ನಲ್ಲಿಟ್ಟ ಎರಡನೇ ಫ್ರಿಜ್‌ನ ಫ್ರೀಜರ್ ಚಳಿಗಾಲದಲ್ಲಿ ಕರಗುತ್ತದೆ! ಥರ್ಮೋಸ್ಟಾಟ್ ಕೆಳಗಿನ ಖಾನೆಯಲ್ಲಿ ಇರುವುದರಿಂದ, ಗ್ಯಾರೇಜೇ ಕೊರೆಯುವಾಗ “ಸಾಕಷ್ಟು ತಂಪಿದೆ” ಅಂತ ಕಂಪ್ರೆಸರ್ ಓಡುವುದೇ ಇಲ್ಲ. ಫ್ರಿಜ್‌ನ ಲೇಬಲ್ ಮೇಲೆ ಹವಾಮಾನದ ವರ್ಗ ಇರುತ್ತದೆ ನೋಡಿ. ‘ಎನ್’ ಅಂದರೆ ಸುತ್ತಲಿನ ಗಾಳಿ 32 ಡಿಗ್ರಿವರೆಗೆ, ‘ಎಸ್‌ಟಿ’ 38, ‘ಟಿ’ 43. ಕಲಬುರಗಿ, ರಾಯಚೂರಿನಲ್ಲಿರುವ ನಮ್ಮ ಬಂಧುಗಳಿಗೆ ‘ಟಿ’ ಇರುವುದನ್ನೇ ತಗೊಳ್ಳಿ ಅಂತ ನಾನು ಹೇಳುತ್ತಿರುತ್ತೇನೆ.

ತುಂಗಾತೀರ (ಶಿವಮೊಗ್ಗ)

ಎರಡೂ ಭಾಗ ಬದಲಿಸಿದ್ದಾಯಿತು. ಬೇರೆ ಒಬ್ಬರು ಬಂದು ಹಾಕಿಕೊಟ್ಟರು, ಗ್ಯಾಸ್‌ಗೆ ಹೇಳಿದ ಮೊತ್ತದ ಒಂದು ಸಣ್ಣ ಪಾಲು ಮಾತ್ರ ಖರ್ಚಾಯಿತು. ನೀರಿನ ಲೋಟದಲ್ಲಿ ಥರ್ಮಾಮೀಟರ್ ಹಾಕಿ ನಡುವಿನ ಶೆಲ್ಫ್‌ನಲ್ಲಿ ರಾತ್ರಿಯಿಡೀ ಇಟ್ಟಿದ್ದೆ, 4 ಡಿಗ್ರಿ. ಕಾಯಿಲ್ ಮೇಲೆ ಹಿಮ ನಿಂತಿಲ್ಲ. ಇಷ್ಟು ದಿನ ಕಾದು ನೋಡಿ, ಹೊಸ ಇನ್ಸುಲಿನ್ ತಂದಿಟ್ಟ ಮೇಲೆ ಇದನ್ನು ಬರೆಯುತ್ತಿದ್ದೇನೆ. ತಂಪುಕೆಲಸ ಸರ್‌ಗೆ, ಔಷಧಿಅಂಗಡಿಯವರಿಗೆ ಅಮ್ಮ ವಿಶೇಷವಾಗಿ ನಮಸ್ಕಾರ ಹೇಳಿದ್ದಾರೆ.

ಆರೋಗ್ಯಸೇವೆ (ದಾವಣಗೆರೆ)

ಹಿಂದಿನ ಟ್ರೇ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾನು ಆಶಾ ಕಾರ್ಯಕರ್ತೆ. ಡೆಂಗಿ ಲಾರ್ವಾ ಸಮೀಕ್ಷೆಗೆ ಮನೆಮನೆಗೆ ಹೋದಾಗ ಡ್ರಮ್, ತೊಟ್ಟಿ ಎಲ್ಲರೂ ತೋರಿಸುತ್ತಾರೆ, ಫ್ರಿಜ್ ಹಿಂದಿನ ಟ್ರೇ ಯಾರಿಗೂ ನೆನಪಿರುವುದಿಲ್ಲ. ಅಲ್ಲಿ ನಿಂತ ನೀರಲ್ಲಿ ಈಡಿಸ್ ಸೊಳ್ಳೆಯ ಮರಿಗಳು ಸಿಗುತ್ತವೆ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಪ್ಲಗ್ ಕಿತ್ತು, ಟ್ರೇ ಹೊರಗೆ ಬರುವಂತಿದ್ದರೆ ತೆಗೆದು ಉಜ್ಜಿ ತೊಳೆಯಿರಿ, ಅಂಚಿಗೆ ಅಂಟಿದ ಮೊಟ್ಟೆಗಳು ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ. ತೆಗೆಯಲು ಬಾರದಿದ್ದರೆ ಬಟ್ಟೆಯಿಂದ ನೀರು ಹೀರಿಸಿ ಒರೆಸಿ.

ಸಾಧನಕೇರಿ_ಸವಿತಾ (ಧಾರವಾಡ)

ತಂಪುಕೆಲಸ ಅಣ್ಣಾರ, ನಾವು ಇಲ್ಲಿಂದ ಬೆಂಗಳೂರಿಗೆ ಮನಿ ಬದಲಿ ಮಾಡಲಿಕ್ಕೆ ಹತ್ತೇವಿ. ಲಾರಿಯವರು ಫ್ರಿಜ್ ಮಲಗಿಸಿ ಒಯ್ತೇವಿ ಅಂತಾರ. ನಡೀತದೇನ್ರಿ?

ತಂಪುಕೆಲಸ (ಹುಬ್ಬಳ್ಳಿ)

ನಿಲ್ಲಿಸೇ ಒಯ್ಯಲಿಕ್ಕೆ ಹಟ ಹಿಡೀರಿ ತಂಗಿ. ಕಂಪ್ರೆಸರ್ ತಳದಾಗ ಎಣ್ಣಿ ಇರ್ತದ, ಮಲಗಿಸಿದ್ರ ಅದು ಪೈಪಿನ್ಯಾಗ ಹರೀತದ. ಒಳಗ ಕಂಪ್ರೆಸರ್ ಸ್ಪ್ರಿಂಗ್ ಮ್ಯಾಲೆ ಕೂತಿರ್ತದ, ರಸ್ತಾ ಕುಲಕಾಟಕ್ಕ ಅದೂ ತಪ್ಪಬಹುದು. ಬ್ಯಾರೆ ದಾರಿನ ಇಲ್ಲ ಅಂದ್ರ ಪೂರಾ ಮಲಗಿಸದ ಓರಿ ಮಾಡಿ ಕಟ್ಟಸ್ರಿ, ಅಲ್ಲಿ ಮುಟ್ಟಿದ ಮ್ಯಾಲೆ ನೆಟ್ಟಗ ನಿಲ್ಲಿಸಿ ಒಂದು ದಿನ ಬಿಟ್ಟು ಆಮ್ಯಾಲೆ ಚಾಲೂ ಮಾಡ್ರಿ. ಹಿಂದಿನ ದಿನನ ಬಂದ್ ಮಾಡಿ, ಐಸ್ ಕರಗಿಸಿ, ಟ್ರೇದಾಗಿನ ನೀರು ಚೆಲ್ರಿ. ಗಾಜಿನ ಶೆಲ್ಫ್ ತಗದು ಬಟ್ಟಿಯೊಳಗ ಸುತ್ತಿ ಬ್ಯಾರೆ ಇಡ್ರಿ, ಬಾಗಲಾಕ್ಕ ಹಗ್ಗ ಸುತ್ತೂದಕ್ಕಿಂತ ಅಗಲ ಬಟ್ಟಿ ಪಟ್ಟಿ ಸುತ್ತಿದ್ರ ರಬ್ಬರಿಗೆ ಪೆಟ್ಟಾಗಂಗಿಲ್ಲ. ಹೊಸ ಮನ್ಯಾಗ ಪ್ಲಗ್ ಹಾಕೂ ಮೊದಲ ಆ ಸಾಕೆಟ್ಟಿಗೆ ಅರ್ಥಿಂಗ್ ಅದೇನು ಅಂತ ನೋಡಸ್ರಿ, ಮ್ಯಾಲೆ ವೈರಿಂಗ್ ಮಾಸ್ಟರ್ ಹೇಳ್ಯಾರಲ್ಲ, ಹಂಗ.